ತೃಪ್ತಿಕರ ಮೆಕ್ಯಾನಿಕ್

ಗುಮಾಸ್ತ: ಆ ಪದ ಒಂದು ಹಾಗೇ ಇರಲಿ ಬಿಡಿ ಮೇಡಂ. "ತೃಪ್ತಿಕರ." ಎಷ್ಟು ಗಂಭೀರವಾಗಿದೆ ನೋಡಿ. ಯಾರಿಗೂ ನೋವಿಲ್ಲ, ಯಾರಿಗೂ ಹೊಟ್ಟೆಕಿಚ್ಚಿಲ್ಲ.

ಕ್ಯಾಪ್ಟನ್: ಹೋದ ವರ್ಷವೂ ತೃಪ್ತಿಕರ, ಅದರ ಹಿಂದಿನ ವರ್ಷವೂ ತೃಪ್ತಿಕರ. ಈ ಮನುಷ್ಯ ಮಾಡೋದಾದ್ರೂ ಏನು?

ಗುಮಾಸ್ತ: ತೃಪ್ತಿಕರವಾಗಿ ಇರ್ತಾನೆ ಮೇಡಂ.

ಸೇನಾ ಆಸ್ಪತ್ರೆಯ ಆಡಳಿತ ಕಚೇರಿಯಲ್ಲಿ ಬೆಳಿಗ್ಗೆ ಹತ್ತೂವರೆ. ಕ್ಯಾಪ್ಟನ್ ಇಲ್ಲಿಗೆ ಬಂದು ಮೂರು ತಿಂಗಳಾಗಿತ್ತು. ಹವಾಲ್ದಾರ್ ದರ್ಜೆಯ ಗುಮಾಸ್ತ ಬಂದು ಹನ್ನೊಂದು ವರ್ಷ. ಮೇಜಿನ ಮೇಲೆ ಸಿಪಾಯಿಗಳ ವಾರ್ಷಿಕ ಮೌಲ್ಯಮಾಪನ ವರದಿಗಳಿದ್ದವು. ಹದಿನೇಳು ಮುಗಿದಿದ್ದವು. ಹದಿನೆಂಟನೆಯದು ಜನರೇಟರ್ ಮೆಕ್ಯಾನಿಕ್‌ನದು. ಹನ್ನೆರಡಕ್ಕೆ ಟಪಾಲಿನ ಜೀಪು ಹೊರಡುತ್ತಿತ್ತು.

ಕ್ಯಾಪ್ಟನ್: ಇಲ್ಲಿ ನೋಡಿ, ಹಳೇ ಕ್ಯಾಪ್ಟನ್ ಬರೆದಿದ್ದು. ಉಗ್ರಾಣದ ಸಿಪಾಯಿ ಬಗ್ಗೆ. "ಅಸಾಧಾರಣ, ಅದ್ವಿತೀಯ, ಸಹೋದ್ಯೋಗಿಗಳಿಗೆ ದಾರಿದೀಪ." ಒಂಬತ್ತಕ್ಕೆ ಒಂಬತ್ತು ಅಂಕ! ಎಲ್ಲಿದ್ದಾರೆ ಇವರು? ನಾನು ನೋಡೇ ಇಲ್ಲವಲ್ಲ.

ಗುಮಾಸ್ತ: ಬಡ್ತಿ ಸಿಕ್ಕಿ ಬೇರೆ ಕಡೆ ಹೋದ ಮೇಡಂ. ನಾವೆಲ್ಲ ಅವನನ್ನ "ಗೊರಕೆ" ಅಂತ ಕರೀತಿದ್ವಿ.

ಕ್ಯಾಪ್ಟನ್: ಗೊರಕೆನಾ?

ಗುಮಾಸ್ತ: ಹತ್ತು ಗಂಟೆಗೆ ಬ್ಯಾಂಡೇಜಿನ ಮೂಟೆ ಮೇಲೆ ಮಲಗಿದ್ರೆ ಊಟದ ಗಂಟೆಗೇ ಏಳ್ತಿದ್ದದ್ದು.

ಕ್ಯಾಪ್ಟನ್: ಅಂಥವನಿಗೆ ಒಂಬತ್ತು ಅಂಕ ಕೊಟ್ರಾ?

ಗುಮಾಸ್ತ: ಕೊಡದೆ ಇದ್ರೆ ಹೋಗ್ತಿದ್ನಾ? ಕೆಟ್ಟದಾಗಿ ಬರೆದ್ರೆ ಇಲ್ಲೇ ಕೊಳೀತಾನೆ. ಚೆನ್ನಾಗಿ ಬರೆದ್ರೆ ಬಡ್ತಿ, ಬಡ್ತಿ ಬಂದ್ರೆ ವರ್ಗ. ಪೀಡೆ ಕಳೀತು.

ಕ್ಯಾಪ್ಟನ್ ಪೆನ್ನಿಗೆ ಮುಚ್ಚಳ ಹಾಕಿದಳು. ಗುಮಾಸ್ತನ ಮುಖವನ್ನೇ ನೋಡಿದಳು. ಗುಮಾಸ್ತ ಕಿಟಕಿಯ ಕಡೆ ನೋಡಿದ.

ಕ್ಯಾಪ್ಟನ್: ಹಾಗಾದ್ರೆ ನಿಜವಾಗಿ ಕೆಲಸ ಮಾಡೋನ ಬಗ್ಗೆ ಏನು ಬರೀತೀರಿ?

ಗುಮಾಸ್ತ: ಅದು... ಅವನು ನಮ್ಮ ಜೊತೇನೇ ಇರಲಿ ಅನ್ನೋ ಪ್ರೀತಿ ಮೇಡಂ.

ಕ್ಯಾಪ್ಟನ್: ಪ್ರೀತಿಯಿಂದ "ತೃಪ್ತಿಕರ"!

ಗುಮಾಸ್ತ: ಆ ಜನರೇಟರ್ ನಮ್ಮಪ್ಪನ ಕಾಲದ್ದು. ಅವನು ಬಿಟ್ರೆ ಯಾರ ಮಾತೂ ಕೇಳಲ್ಲ. ಹಿಂದೆ ಒಂದು ಸಲ ಅವನು ರಜೆ ಹೋದಾಗ ಎಕ್ಸ್‌ರೇ ಕೋಣೇಲಿ ಎರಡು ದಿನ ಕತ್ತಲೆ. ಅವನನ್ನ ಕಳಿಸಿ ನಾವು ಬದುಕೋದುಂಟಾ?

ಕ್ಯಾಪ್ಟನ್: ಜನವರಿಯಲ್ಲಿ ಬಂದ ಸುತ್ತೋಲೆ ಓದಿದ್ದೀರಾ?

ಗುಮಾಸ್ತ: ಫೈಲ್ ಮಾಡಿದ್ದೀನಿ ಮೇಡಂ.

ಕ್ಯಾಪ್ಟನ್: ಓದಿದ್ದೀರಾ ಅಂತ ಕೇಳಿದೆ.

ಗುಮಾಸ್ತ: ಓದ್ತಾ ಕೂತ್ರೆ ಫೈಲ್ ಮಾಡೋದು ಯಾವಾಗ?

ಕ್ಯಾಪ್ಟನ್: ಸತತ ಮೂರು ವರ್ಷ "ತೃಪ್ತಿಕರ" ಬಂದ್ರೆ ಸೇವೆ ಮುಂದುವರಿಸಲ್ಲ. ಮೂರು ತಿಂಗಳ ನೋಟಿಸು, ಕ್ವಾರ್ಟರ್ಸ್ ಖಾಲಿ, ಮನೆಗೆ.

ಗುಮಾಸ್ತ: ಮನೆಗೆ ಅಂದ್ರೆ... ರಜೆ ಮೇಲಾ?

ಕ್ಯಾಪ್ಟನ್: ಶಾಶ್ವತವಾಗಿ.

ಗುಮಾಸ್ತನ ಮುಖದ ಬಣ್ಣ ಇಳಿಯಿತು. ಮೆಕ್ಯಾನಿಕ್‌ಗೆ ಇಬ್ಬರು ಹೆಣ್ಣುಮಕ್ಕಳು. ಇಬ್ಬರೂ ಗೇಟಿನಾಚೆಯ ಶಾಲೆಗೇ ಹೋಗುತ್ತಿದ್ದರು. ಚಿಕ್ಕವಳು ದಿನಾ ಬೆಳಿಗ್ಗೆ ಈ ಕಿಟಕಿಯಲ್ಲಿ ಇಣುಕಿ "ಮಾವಾ, ಗಂಟೆ ಎಷ್ಟು?" ಎಂದು ಕೇಳಿಯೇ ಓಡುತ್ತಿದ್ದದ್ದು. ಹಿಂದಿನ ಎರಡೂ ವರದಿಗಳನ್ನು ಟೈಪು ಮಾಡಿದ್ದು ಈ ಮಾವನೇ.

ಗುಮಾಸ್ತ: ಬರೀರಿ ಮೇಡಂ! "ಅಸಾಧಾರಣ, ಅದ್ವಿತೀಯ, ದಾರಿದೀಪ..."

ಕ್ಯಾಪ್ಟನ್: ದಾರಿದೀಪ ಗೊರಕೆಗೆ ಖರ್ಚಾಯ್ತು. ಬಡ್ತಿ ಮಂಡಳಿಯವರು ಇಂಥ ಪದ ದಿನಕ್ಕೆ ಇನ್ನೂರು ಓದ್ತಾರೆ. ಅವರಿಗೆ ಬೇಕಾದ್ದು ಏನು ಮಾಡಿದ, ಎಷ್ಟು ಮಾಡಿದ, ಅದರಿಂದ ಏನಾಯ್ತು. ಒಂದೇ ಒಂದು ಘಟನೆ ಹೇಳಿ.

ಗುಮಾಸ್ತ: ಹೋದ ಬೇಸಿಗೇಲಿ ಮಧ್ಯಾಹ್ನ ಇಡೀ ಊರಿನ ಕರೆಂಟು ಹೋಯ್ತು. ಆಪರೇಷನ್ ನಡೀತಿತ್ತು. ಆರು ಗಂಟೆ ಹೊತ್ತು ಜನರೇಟರ್ ನಡೆಸಿದ್ದು ಅವನೇ.

ಕ್ಯಾಪ್ಟನ್: ಇದನ್ನ ಬಿಟ್ಟು ಬೇರೆಲ್ಲ ಬರೆದಿದ್ದೀರಲ್ರೀ! ಕರೀರಿ ಅವರನ್ನ.

ಮೆಕ್ಯಾನಿಕ್ ಎಣ್ಣೆಗೈಯನ್ನು ಬಟ್ಟೆಗೆ ಒರೆಸುತ್ತ ಬಂದು ಸೆಟೆದು ನಿಂತ. ಮೇಜಿನ ಮೇಲೆ ತನ್ನ ಹೆಸರಿನ ಕಾಗದ ಕಂಡು ಆ ಬಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟ.

ಕ್ಯಾಪ್ಟನ್: ಹೋದ ಬೇಸಿಗೇಲಿ ಕರೆಂಟು ಹೋದ ಮಧ್ಯಾಹ್ನ, ಜನರೇಟರ್ ಹತ್ರ ಇದ್ದದ್ದು ನೀವೇ ಅಲ್ವಾ?

ಮೆಕ್ಯಾನಿಕ್: ನೆನಪಿಲ್ಲ ಮೇಡಂ.

ಗುಮಾಸ್ತ: ಏನಯ್ಯಾ ನೆನಪಿಲ್ಲ ಅಂತೀಯ? ನಾನೇ ಕಣ್ಣಾರೆ ನೋಡಿದ್ದೀನಿ!

ಮೆಕ್ಯಾನಿಕ್: ನೀವೂ ನೋಡಿದ್ರಾ?

ಕ್ಯಾಪ್ಟನ್: ಹೆದರ್ಕೋಬೇಡಿ. ನೀವು ಮಾಡಿದ್ದು ಪೂರ್ತಿ ಬರವಣಿಗೇಲಿ ಮೇಲಕ್ಕೆ ಹೋಗ್ಬೇಕು ಅಂತಾನೇ ಕರೆಸಿದ್ದು.

ಮೆಕ್ಯಾನಿಕ್: ಮೇಲಕ್ಕೇ ಹೋಗ್ಬೇಕಾ ಮೇಡಂ? ಇಲ್ಲೇ ಮುಗಿಸೋಕಾಗಲ್ವಾ?

ಕ್ಯಾಪ್ಟನ್: ಯಾಕೆ ಮುಚ್ಚಿಡ್ಬೇಕು? ಮಾಡಿದ್ದಕ್ಕೆ ತಕ್ಕದ್ದು ಸಿಗ್ಲೇಬೇಕು.

ಮೆಕ್ಯಾನಿಕ್: ಮಕ್ಕಳ ಪರೀಕ್ಷೆ ಮುಗಿಯೋವರೆಗಾದ್ರೂ ತಡೀರಿ ಮೇಡಂ.

ಕ್ಯಾಪ್ಟನ್: ಪರೀಕ್ಷೆಗೂ ಇದಕ್ಕೂ ಏನು ಸಂಬಂಧ? ನಿಮ್ಮ ಜೊತೆ ಬೇರೆ ಯಾರಾದ್ರೂ ಕೈ ಜೋಡಿಸಿದ್ರಾ?

ಮೆಕ್ಯಾನಿಕ್: ಇಲ್ಲ ಮೇಡಂ, ದೇವ್ರಾಣೆ. ಬೆಲ್ಟು ಬಿಚ್ಚಿದ್ದು ನಾನೊಬ್ಬನೇ!

ಗುಮಾಸ್ತ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದ.

ಗುಮಾಸ್ತ: ಯಾವ ಬೆಲ್ಟು?

ಮೆಕ್ಯಾನಿಕ್: ಆಫೀಸರ್‌ಗಳ ಬಟ್ಟೆ ಒಗೆಯೋ ದೊಡ್ಡ ಮಿಷನ್‌ದು. ಜನರೇಟರ್ ಫ್ಯಾನ್ ಬೆಲ್ಟು ಕಿತ್ತುಹೋಯ್ತು. ಇಂಜಿನ್ ಕಾದು ಕೆಂಪಾಗ್ತಾ ಇದೆ, ಒಳಗೆ ಹೊಟ್ಟೆ ಕೊಯ್ದಿಟ್ಟಿದ್ದಾರೆ. ಉಗ್ರಾಣದಲ್ಲಿ ಹೊಸ ಬೆಲ್ಟಿತ್ತು, ಆದ್ರೆ ಒಳಗಿನಿಂದ ಚಿಲಕ. ಎಷ್ಟು ಬಡಿದ್ರೂ ಗೊರಕೆ ಏಳ್ಲಿಲ್ಲ. ಇನ್ನೇನು ಮಾಡ್ಲಿ?

ಗುಮಾಸ್ತ ಎದ್ದು ಬೀರುವಿನಿಂದ ಬೆಲ್ಟು ಕಳವಿನ ವಿಚಾರಣೆಯ ದಪ್ಪ ಫೈಲೊಂದನ್ನು ತೆಗೆದು ಎದೆಗವಚಿಕೊಂಡ.

ಗುಮಾಸ್ತ: ಹತ್ತು ತಿಂಗಳು! ನಲವತ್ತೊಂದು ಪುಟ! ಎಂಟು ಸಾಕ್ಷಿಗಳ ಹೇಳಿಕೆ! ಅಗಸನನ್ನ ಮೂರು ಸಲ ವಿಚಾರಣೆ ಮಾಡಿದ್ದೀನಿ! ಕರ್ನಲ್ ಸಾಹೇಬರ ಅಂಗಿಗಳೆಲ್ಲ ನಾಲ್ಕು ದಿನ ಸೋಪಿನ ನೀರಲ್ಲಿ ಬಿದ್ದು, ಜನರಲ್ ಬಂದಾಗ ಅವರು ಇನ್ನೊಬ್ಬರ ಅಂಗಿ ಹಾಕ್ಕೊಂಡು, ಗುಂಡಿ ಕೂರದೆ ಉಸಿರು ಬಿಗಿ ಹಿಡಿದು ಸೆಲ್ಯೂಟ್ ಹೊಡೆದ್ರಲ್ಲಯ್ಯಾ!

ಮೆಕ್ಯಾನಿಕ್: ಅದಕ್ಕೇ ಸುಮ್ಮನಿದ್ದೆ.

ಕ್ಯಾಪ್ಟನ್ ಗಡಿಯಾರ ನೋಡಿದಳು. ಹನ್ನೊಂದೂ ಕಾಲು. ವರದಿಯಲ್ಲಿ ಈ ಘಟನೆ ಬರೆದರೆ ಕಳ್ಳತನದ ಒಪ್ಪಿಗೆ, ಬರೆಯದಿದ್ದರೆ ಮನೆಗೆ. ಅವಳು ಹೊಸ ಹಾಳೆ ತೆಗೆದುಕೊಂಡು, ಇಬ್ಬರನ್ನೂ ಕೇಳಿ ವಿವರ ಪಡೆದು, ಒಂದೂ ವಿಶೇಷಣ ಹಾಕದೆ ನಾಲ್ಕು ಸಾಲು ಬರೆದಳು: ಇಂಥ ದಿನ, ಇಷ್ಟು ಹೊತ್ತಿಗೆ ಬೆಲ್ಟು ಹರಿಯಿತು, ಬಟ್ಟೆ ಒಗೆಯುವ ಯಂತ್ರದ ಬೆಲ್ಟನ್ನು ಹನ್ನೊಂದು ನಿಮಿಷದಲ್ಲಿ ಹೊಂದಿಸಿದ, ಆರು ಗಂಟೆ ಜನರೇಟರ್ ನಡೆಯಿತು, ಮೂರು ಶಸ್ತ್ರಚಿಕಿತ್ಸೆ ಮುಗಿದವು, ಮೂವರೂ ಬದುಕಿದ್ದಾರೆ. ಅಂಕ ಒಂಬತ್ತು.

ಗುಮಾಸ್ತ: ಮೇಡಂ, ಬೆಲ್ಟಿನ ವಿಷಯ ತೆಗೀರಿ. "ಲಭ್ಯ ಸಾಮಗ್ರಿ" ಅಂತ ಹಾಕಿ. ಸಹಿ ಮಾಡೋರು ಅದೇ ಅಂಗಿಯವರು!

ಕ್ಯಾಪ್ಟನ್: ಬೆಲ್ಟು ತೆಗೆದ್ರೆ ಉಳಿಯೋದು ತೃಪ್ತಿಕರವೇ.

ಅವಳು ಹಾಳೆ ಹಿಡಿದು ಪಕ್ಕದ ಕರ್ನಲ್ ಕೋಣೆಗೆ ಹೋದಳು. ಇಬ್ಬರೂ ಗಂಡಸರು ಗೋಡೆಗೆ ಕಿವಿಯಿಟ್ಟರು.

ಕರ್ನಲ್: ಬಟ್ಟೆ ಒಗೆಯೋ ಯಂತ್ರ ಅಂದ್ರೆ... ನಮ್ಮದಾ?

ಕ್ಯಾಪ್ಟನ್: ಹೌದು ಸಾರ್.

ಮೆಕ್ಯಾನಿಕ್ ಕಣ್ಣು ಮುಚ್ಚಿಕೊಂಡ.

ಕರ್ನಲ್: ಆ ದಿನ ಆಪರೇಷನ್ ಮೇಜಿನ ಹತ್ರ ಕತ್ತಿ ಹಿಡಿದು ನಿಂತಿದ್ದೋನು ನಾನು. ದೀಪ ಎರಡು ಸಲ ಮಿಣುಕಿತು. ಬೆರಳಡಿ ರಕ್ತನಾಳ ಇತ್ತು. ಮೂರನೇ ಸಲ ಆರಿಬಿಟ್ರೆ ಏನು ಗತಿ ಅಂತ ಬೆವೆತು ಹೋಗಿದ್ದೆ. ಆರಲಿಲ್ಲ. ಯಾಕೆ ಆರಲಿಲ್ಲ ಅಂತ ಇವತ್ತಿನವರೆಗೂ ನಾನು ಯಾರನ್ನೂ ಕೇಳ್ಲಿಲ್ಲ ನೋಡಿ.

ಪೆನ್ನಿನ ಗೀರು ಗೋಡೆಯಾಚೆಗೂ ಕೇಳಿಸಿತು.

ಕರ್ನಲ್: ಆ ಬೆಲ್ಟಿನ ವಿಚಾರಣೆ ಇನ್ನೂ ನಡೀತಿದೆಯಾ?

ಕ್ಯಾಪ್ಟನ್: ನಲವತ್ತೊಂದು ಪುಟ ಆಗಿದೆ ಸಾರ್.

ಕರ್ನಲ್: ನಲವತ್ತೆರಡರಲ್ಲಿ ಮುಗಿಸಿ. ಬೆಲ್ಟು ಕಾಣೆಯಾಗಿಲ್ಲ, ಡ್ಯೂಟಿ ಮೇಲೆ ಇದೆ ಅಂತ ಬರೀರಿ.

ಹನ್ನೆರಡಕ್ಕೆ ಜೀಪು ಹೊರಟಿತು. ಆರು ವಾರಗಳಲ್ಲಿ ಮೆಕ್ಯಾನಿಕ್‌ಗೆ ಬಡ್ತಿ ಬಂತು, ಶಾಲೆಯ ವರ್ಷ ಮುಗಿದ ಮೇಲೆ ವರ್ಗವೂ ಬಂತು. ಹೊರಡುವ ದಿನ ಅವನು ಕಚೇರಿಗೆ ಬಂದು ಕ್ಯಾಪ್ಟನ್‌ಗೆ ಸೆಲ್ಯೂಟ್ ಹೊಡೆದ. ಏನೋ ಹೇಳಲು ಹೋಗಿ, ಗುಮಾಸ್ತನ ಮೇಜಿನ ಫ್ಯಾನು ಕಿರುಗುಟ್ಟುತ್ತಿದ್ದದ್ದು ಕೇಳಿಸಿ, ಅದಕ್ಕೆ ಎರಡು ಹನಿ ಎಣ್ಣೆ ಬಿಟ್ಟು ಹೋದ. ಗುಮಾಸ್ತ ಆ ದಿನವಿಡೀ ಫ್ಯಾನು ಆರಿಸಲಿಲ್ಲ.

ಮರುವಾರ ಹೊಸ ಮೆಕ್ಯಾನಿಕ್ ಬರುವ ಮೊದಲೇ ಅವನ ಕಾಗದಗಳು ಬಂದವು.

ಕ್ಯಾಪ್ಟನ್: ಅವನ ಹಳೇ ಅಧಿಕಾರಿ ಏನು ಬರೆದಿದ್ದಾರೆ? ಓದಿ.

ಗುಮಾಸ್ತ: "ಅನುಪಮ. ಅಪ್ರತಿಮ. ಯಂತ್ರಗಳ ಪಾಲಿನ ಮಾಂತ್ರಿಕ. ಇಂಥವನನ್ನು ಕಳಿಸಿಕೊಡಲು ನಮಗೆ ಹೃದಯ ಭಾರವಾಗುತ್ತಿದೆ." ಒಂಬತ್ತಕ್ಕೆ ಒಂಬತ್ತು ಮೇಡಂ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಗುಮಾಸ್ತ: ಮೇಣದ ಬತ್ತಿ ಎಷ್ಟು ಡಜನ್ ಬರ್ಕೊಳ್ಲಿ?