ಗುಂಯ್ ಎನ್ನದ ಕಾರು

ಉಳಿದ ಗಂಡಂದಿರಿಗೆ ಇಸ್ಪೀಟು, ಗುಟಕಾ, ಷೇರು ಮಾರುಕಟ್ಟೆ ಮುಂತಾದ ಚಟಗಳಿರುತ್ತವೆ. ಅವರ ಹೆಂಡಂದಿರು ಸುಮ್ಮನಿರುತ್ತಾರೆ. ನನಗಿರುವುದು ಒಂದು ಕಾರು. ಅದಕ್ಕೆ ನನ್ನ ಹೆಂಡತಿ ಪೂರ್ಣಿಮಾ ಇಡೀ ರಾಮತೀರ್ಥ ನಗರಕ್ಕೆ ಕೇಳಿಸುವಂತೆ ಬೈಯುತ್ತಾಳೆ. ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗುವಂಥ, ಕೆಂಪು ಬಣ್ಣದ ಹಳೇ ಸ್ಪೋರ್ಟ್ಸ್ ಕಾರು ಅದು. ಒಳಗೆ ಕೂರುವಾಗ ಬಾವಿಗೆ ಇಳಿದಂತಾಗುತ್ತದೆ, ಏಳುವಾಗ ಯಾರಾದರೂ ಕೈ ಕೊಡಬೇಕು. ಇಷ್ಟು ಬಿಟ್ಟರೆ, ಮುಂದಿನ ಗಾಲಿಗಳ ಬೇರಿಂಗು ಸವೆಯುವ ತನಕ ಅದರಲ್ಲಿ ಯಾವ ದೋಷವೂ ಇರಲಿಲ್ಲ.

ಸವೆದ ಮೇಲೆ ಕಾರು ಸಂಗೀತ ಕಚೇರಿ ಆರಂಭಿಸಿತು. ನಲವತ್ತರ ವೇಗಕ್ಕೆ ಸಣ್ಣಗೆ 'ಗುಂಯ್' ಎನ್ನುತ್ತಿದ್ದುದು ಅರವತ್ತಕ್ಕೆ ಹಿಟ್ಟಿನ ಗಿರಣಿಯಾಗುತ್ತಿತ್ತು. (ಬಾಜು ಮನೆಯ ನಿಂಗವ್ವಜ್ಜಿ ಒಮ್ಮೆ ಜೋಳದ ಡಬ್ಬಿ ಹಿಡಿದುಕೊಂಡೇ ಹೊರಗೆ ಬಂದಿದ್ದಳೆಂದು ಪೂರ್ಣಿಮಾ ಹೇಳುತ್ತಾಳೆ. ಶುದ್ಧ ಸುಳ್ಳು. ಡಬ್ಬಿ ಖಾಲಿಯಿತ್ತು.)

"ರವಿವಾರ ಖಾನಾಪುರಕ್ಕ ಹೋಗೂದೈತಿ," ಎಂದಳು ಪೂರ್ಣಿಮಾ. "ಸಮೃದ್ಧಿಗೆ ಬುತ್ತಿ ಒಯ್ಯಬೇಕು."

ಸಮೃದ್ಧಿ ಅವಳ ತಂಗಿ. ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು.

"ಕಾರಿನ್ಯಾಗ ಹೋಗೂಣು," ಎಂದೆ.

"ಹೋಗೂಣು. ಆದ್ರ ದಾರ್ಯಾಗ ಆ ಸಪ್ಪಳ ಬಂತಂದ್ರ, ಸೋಮವಾರ ಕಾರು ಗುಜರಿಗೆ. ಖರೇ ಹೇಳಾಕತ್ತೀನಿ."

"ಅದು ಬರೇ ಸಪ್ಪಳ ಅಲ್ಲ, ಬೇರಿಂಗು ಸವದೈತಿ. ಗಾಡಿ ಆರೋಗ್ಯದ ವಿಷಯ."

"ನನ್ನ ಕಿವಿ ಆರೋಗ್ಯದ ವಿಷಯ ಯಾರ ನೋಡಬೇಕ್ರಿ?"

ಗುಜರಿ ಎಂಬ ಮೂರಕ್ಷರ ಕೇಳಿದ ಮೇಲೆ ನಾನು ವಾದ ಬಿಟ್ಟೆ. ದಿನವಿಡೀ ವಿಮಾ ಕಚೇರಿಯಲ್ಲಿ ಕುಳಿತು ಬೇರೆಯವರ ಸಾವಿನ ಕಾಗದ ನೋಡುವವನು ನಾನು. ಸಂಜೆ ಆ ಕೆಂಪು ಕಾರಿನ ಸ್ಟಿಯರಿಂಗು ಹಿಡಿದಾಗಲೇ ನಾನೂ ಬದುಕಿದ್ದೇನೆ ಎನಿಸುವುದು. ಅದನ್ನು ಕಳೆದುಕೊಳ್ಳಲು ಸಾಧ್ಯವೇ ಇರಲಿಲ್ಲ.

ಗಾಲಿ ಬಿಚ್ಚಿ, ಬೇರಿಂಗು ಕೂರುವ ಕಬ್ಬಿಣದ ಗೂಡುಗಳನ್ನು ಚೀಲಕ್ಕೆ ಹಾಕಿಕೊಂಡು ಗ್ಯಾರೇಜುಗಳಿರುವ ಆಟೋ ನಗರಕ್ಕೆ ಓಡಿದೆ. ಈರಯ್ಯ ಮಿಸ್ತ್ರಿ ಹಳೇ ಬೇರಿಂಗುಗಳನ್ನೇನೋ ಒತ್ತಿ ತೆಗೆದ, ದುಡ್ಡು ಪಡೆದು ಹೊಸವನ್ನೂ ಕೈಗಿಟ್ಟ. "ಹೊಸಾವು ಕುಂದರಸಾಕ ಮಂಗಳವಾರ ಬರ್ರಿ. ಈಗ ಬೀಗರ ಊರಿಗೆ ಹೊಂಟೀನಿ," ಎಂದು ಬಾಗಿಲು ಹಾಕಿದ. ನನ್ನ ಪ್ರಳಯ ಇದ್ದದ್ದು ಸೋಮವಾರ.

ಆಗ ಮೊಬೈಲಿನಲ್ಲಿ ಒಬ್ಬ ಮಹಾನುಭಾವ ದರ್ಶನ ಕೊಟ್ಟ. ಬೇರಿಂಗನ್ನು ಫ್ರೀಜರಿನಲ್ಲಿಟ್ಟರೆ ಕುಗ್ಗುತ್ತದಂತೆ, ಗೂಡನ್ನು ಕಾಯಿಸಿದರೆ ಹಿಗ್ಗುತ್ತದಂತೆ, ಆಮೇಲೆ ಅದು ಇದರೊಳಗೆ ತಾನಾಗಿ ಕೂರುತ್ತದಂತೆ. ಅವನ ಬಳಿ ದೊಡ್ಡ ಓವನ್ ಇತ್ತು. ನಮ್ಮ ಮನೆಯಲ್ಲಿ ಅದಕ್ಕೂ ಮಿಗಿಲಾದದ್ದಿತ್ತು: ಪೂರ್ಣಿಮಾಳ ರೊಟ್ಟಿ ಹಂಚು.

ಶನಿವಾರ ಅವಳು ಸಂತೆಗೆ ಹೋದದ್ದೇ ತಡ, ಹಂಚಿನ ಮೇಲೆ ಗೂಡನ್ನಿಟ್ಟೆ. ಅದರಲ್ಲಿ ಉಳಿದಿದ್ದ ಗ್ರೀಸು ಹೊಗೆಯಾಡಿ ಮನೆಯೆಲ್ಲ ಹೋಮಶಾಲೆಯಾಯಿತು. ಪೂರ್ಣಿಮಾ ಕೆಮ್ಮುತ್ತಲೇ ಒಳಗೆ ಬಂದಳು.

"ಇದೇನ್ರೀ ಇದು?"

"ಗಾಲೀ ಸಾಮಾನು. ಹತ್ತು ನಿಮಿಷ ತಡಿ, ಇನ್ನೂ ಬೆಂದಿಲ್ಲ."

"ಬೆಂದಿಲ್ಲ? ಹಂಗಾರ ತಿರುವಿ ಹಾಕ್ರಿ, ಆ ಬಾಜೂನೂ ಬೇಯಲಿ. ನಾ ಬುತ್ತಿಗೆ ರೊಟ್ಟಿ ಬಡಿಯೂದು ಯಾವುದರ ಮ್ಯಾಲ, ನಿಮ್ಮ ತಲಿ ಮ್ಯಾಲ?" ಎಂದು ಫ್ರೀಜರ್ ತೆರೆದಳು. "ನನ್ನ ಬಟಾಣಿ ಎಲ್ಲೆ ಹೋತು?"

"ಕೆಳಗ ಇಟ್ಟೀನಿ. ಬೇರಿಂಗಿಗೆ ಜಾಗಾ ಸಾಲಲಿಲ್ಲ."

ಮುಂದಿನ ಮಾತುಗಳನ್ನು ಮರ್ಯಾದಸ್ಥರು ಓದುವ ಜಾಗದಲ್ಲಿ ಬರೆಯಲಾರೆ. ಅವಳು ನಿಂಗವ್ವಜ್ಜಿಯ ಹಂಚು ಕಡ ತಂದು ರೊಟ್ಟಿ ಬಡಿದಳು. ಒಂದೊಂದು ಏಟೂ ನನಗೇ ಬೀಳುತ್ತಿದೆ ಎನಿಸುತ್ತಿತ್ತು. ಆದರೆ ಬೇರಿಂಗು ಮಾತ್ರ 'ಟಕ್' ಎಂದು ಗೂಡಿನೊಳಗೆ ಕೂತಿತು. ಎರಡನೆಯದೂ ಕೂತಿತು. ಆ ಗಳಿಗೆಯಲ್ಲಿ ನಾನು ಸಾಕ್ಷಾತ್ ವಿಶ್ವಕರ್ಮನಾಗಿದ್ದೆ.

ರವಿವಾರ ಬುತ್ತಿಯ ಗಂಟಿನೊಂದಿಗೆ ಹೊರಟೆವು. ಪೀರನವಾಡಿ ದಾಟಿತು, ಸದ್ದಿಲ್ಲ. ಮಚ್ಚೆ ದಾಟಿತು, ಸದ್ದಿಲ್ಲ. ಪೂರ್ಣಿಮಾ ಕಿಟಕಿಗೆ ಕಿವಿಯಿಟ್ಟು ಕೇಳಿದಳು, ಕೆಳಗೆ ಬಗ್ಗಿ ಕೇಳಿದಳು.

"ಇರ್ಲಿ ಬಿಡ್ರಿ," ಎಂದಳು ಕೊನೆಗೆ. "ಇಟ್ಕೋರಿ ನಿಮ್ಮ ಕಾರು."

ಖಾನಾಪುರ ಮುಟ್ಟುವ ತನಕ ನಾನು ಹಲ್ಲು ಬಿಟ್ಟುಕೊಂಡೇ ಓಡಿಸಿದೆ.

ಅತ್ತೆ ಸಾವಂತ್ರವ್ವ ಬುತ್ತಿ ಬಿಚ್ಚಿದರು. ಸಜ್ಜೆರೊಟ್ಟಿ, ಎಣ್ಣೆಗಾಯಿ, ಕರಿಗಡಬು, ಅಗಸಿ ಹಿಂಡಿ. ಕಣ್ಣ ಸುತ್ತ ಕಪ್ಪಾಗಿದ್ದ ಸಮೃದ್ಧಿ ಯಾವುದನ್ನೂ ಮುಟ್ಟಲಿಲ್ಲ.

"ಮತ್ತೇನು ಬೇಕವ್ವಾ ನಿನಗ?" ಎಂದಳು ಪೂರ್ಣಿಮಾ.

"ಮಾಮಾನ ಕಾರಿನ್ಯಾಗ ಒಂದು ಸುತ್ತು ಹೋಗಬೇಕು. ಹೋದ ತಿಂಗಳ ದವಾಖಾನಿಗೆ ಕರಕೊಂಡು ಹೋಗಿದ್ರಲ್ಲ, ಆವಾಗ ಆ ಗುಂಯ್ ಅನ್ನೂ ಸಪ್ಪಳಕ್ಕ ಎಷ್ಟು ಚಂದ ನಿದ್ದಿ ಹತ್ತಿತ್ತು. ಬಸರಾದಾಗಿಂದ ಅಂಥಾ ನಿದ್ದಿನ ಇಲ್ಲ ನನಗ."

"ಆ ಸಪ್ಪಳ ಈಗ ಇಲ್ಲವ್ವ," ಎಂದೆ ಹೆಮ್ಮೆಯಿಂದ. "ನಾನ ಸ್ವತಃ ತಗದೀನಿ."

ಸಮೃದ್ಧಿಯ ಕಣ್ಣಲ್ಲಿ ನೀರು ತುಂಬಿತು.

"ಅಳಿಯಂದ್ರ," ಎಂದರು ಅತ್ತೆ ಮೆಲ್ಲಗೆ, "ಬಸುರಿ ಬಯಕಿ ತೀರಸಲಿಲ್ಲಂದ್ರ ಹುಟ್ಟೂ ಕೂಸಿನ ಕಿವಿ ಸೋರತಾವ್ರಿ."

ಪೂರ್ಣಿಮಾ ನನ್ನ ಕಡೆ ತಿರುಗಿದಳು. "ಹಳೇ ಬೇರಿಂಗು ಎಲ್ಲೆ ಅದಾವ್ರಿ?"

"ಗುಜರಿಗೆ ಹಾಕಿದೆ."

"ಯಾರ್ರೀ ಹಾಕಂದವ್ರು ನಿಮಗ? ಚಲೋ ಇದ್ದ ಸಪ್ಪಳ ಕೆಡಿಸಿ ಕುಂತ್ರಿ."

"ಇದ್ದರೂ ಹಾಕಾಕ ಬರಂಗಿಲ್ಲ. ಬಸುರಿನ ಕುಂದರಿಸಿಕೊಂಡು ಸವದ ಬೇರಿಂಗಿನ ಮ್ಯಾಲ ಹೋಗೂದೇನು?"

"ಅದೆಲ್ಲಾ ನನಗ ಗೊತ್ತಿಲ್ಲ. ನನ್ನ ತಂಗಿ ಕೂಸಿಗೆ ಏನರ ಆದ್ರ, ಕಾರು ನಮ್ಮ ಮನ್ಯಾಗ ಇರಂಗಿಲ್ಲ."

ಸಂಜೆ ಲೋಂಡಾ ದಾರಿಯಲ್ಲಿ, ಕಾಡಿನ ನಡುವೆ, ಕಾರು ಬೆಣ್ಣೆಯ ಮೇಲೆ ಜಾರಿದಂತೆ ಹೋಗುತ್ತಿತ್ತು. ಬೇರಿಂಗು ಮೌನವಾಗಿತ್ತು. ನಾನು ಸ್ಟಿಯರಿಂಗು ಹಿಡಿದು, ತುಟಿ ಮುಚ್ಚಿ, ಮೂಗಿನಿಂದ 'ಗುಂಯ್' ಎನ್ನುತ್ತಿದ್ದೆ. ಪಕ್ಕದಲ್ಲಿ ಸಮೃದ್ಧಿ ಕಣ್ಣು ಮುಚ್ಚಿದ್ದಳು. ಹಿಂದಿನ ಗೇಣುದ್ದದ ಸೀಟಿನಲ್ಲಿ ಮೊಣಕಾಲಿಗೆ ಗದ್ದ ಹಚ್ಚಿ ಕುಳಿತಿದ್ದ ಪೂರ್ಣಿಮಾ ನನ್ನ ಭುಜ ತಿವಿದಳು.

"ತಿರುವಿನ್ಯಾಗ ಸಪ್ಪಳ ಜಾಸ್ತಿ ಆಗ್ತಿತ್ತಲ್ರಿ. ಸರೀ ಮಾಡ್ರಿ."

ತಿರುವಿನಲ್ಲಿ ಜಾಸ್ತಿ ಮಾಡಿದೆ. ಸಮೃದ್ಧಿ ಸಣ್ಣಗೆ ಗೊರಕೆ ಹೊಡೆಯತೊಡಗಿದಳು. ಅವಳ ಮುಖ ನೋಡಿ, ಸುಳ್ಳೇಕೆ ಹೇಳಲಿ, ನನಗೂ ಸಮಾಧಾನವಾಯಿತು.

"ಕಾರು ಮಾರೂದು ಬ್ಯಾಡ ಬಿಡ್ರಿ," ಎಂದು ಪೂರ್ಣಿಮಾ ಪಿಸುಗುಟ್ಟಿದಳು. "ಹೆರಿಗಿ ಆಗೂತನಕ ದಿನಾ ಆಫೀಸು ಬಿಟ್ಟ ಮ್ಯಾಲ ಹಿಂಗ ಬರೂಣು. ಏನಂತೀರಿ?"

ಉತ್ತರ ಕೊಡಲು ಬಾಯಿ ತೆರೆದೆ. ಸಮೃದ್ಧಿಗೆ ಎಚ್ಚರವಾಯಿತು. ತಕ್ಷಣ ಬಾಯಿ ಮುಚ್ಚಿ ಮತ್ತೆ 'ಗುಂಯ್' ಎಂದೆ.