ರೋಗಿಗಳ ಬಳಿ ಕೂರುವ ಕೆಲಸವನ್ನು ಯಂತ್ರದಿಂದ ಹಿಂಪಡೆಯುವ ಕುರಿತು

ಧರ್ಮಕೇಂದ್ರದ ಪಾಲನಾ ಪರಿಷತ್ತು
ರೋಗಿ ಸಂದರ್ಶನ ವಿಭಾಗ, ಹುದಿಕೇರಿ ಹೋಬಳಿ

ಸಂಖ್ಯೆ: ಪಾ.ಪ/ರೋ.ಸಂ/ಕಾಲುನೋವು/03/2025-26

ಸುತ್ತೋಲೆ

ವಿಷಯ: ರೋಗಿಗಳ ಮನೆಗೆ ಹೋಗಿ ಕೂತು ಬರುವ ಕೆಲಸವನ್ನು ಕೃತಕ ಬುದ್ಧಿಮತ್ತೆಯಿಂದ ಬಿಡಿಸಿ, ಶ್ರೀಮತಿ ಸಲೇತಮ್ಮನವರಿಗೆ ಮರಳಿ ವಹಿಸುವ ಬಗ್ಗೆ.

ಉಲ್ಲೇಖ: 1. ಶ್ರೀಮತಿ ಸಲೇತಮ್ಮನವರು ಚರ್ಚಿನ ಮೆಟ್ಟಿಲ ಮೇಲೆ ಮೌಖಿಕವಾಗಿ ಸಲ್ಲಿಸಿದ ರಾಜೀನಾಮೆ.
2. ಶ್ರೀ ಸಣ್ಣಸ್ವಾಮಿಯವರ ದೂರವಾಣಿ ದೂರು (ಬೈಗುಳದ ಭಾಗವನ್ನು ಕಡತದಿಂದ ಕೈಬಿಡಲಾಗಿದೆ).

ಪ್ರಸ್ತಾವನೆ:

ಎಸ್ಟೇಟಿನ ಶಿಶುವಿಹಾರದಲ್ಲಿ ಆಯಾ ಆಗಿದ್ದು ನಿವೃತ್ತರಾದ ಶ್ರೀಮತಿ ಸಲೇತಮ್ಮನವರು, ಪತಿ ತೀರಿಕೊಂಡ ವರ್ಷದಿಂದ, ಧರ್ಮಕೇಂದ್ರದಲ್ಲಿ ಯಾರೇ ಹಾಸಿಗೆ ಹಿಡಿದರೂ ಅವರ ಮನೆಗೆ ನಡೆದು ಹೋಗಿ ಪ್ರಾರ್ಥನೆ ಮಾಡಿ ಬರುತ್ತಿದ್ದರೆಂಬುದು ಸರ್ವವಿದಿತ. ಈ ಕೆಲಸಕ್ಕೆ ಅವರನ್ನು ಯಾರಾದರೂ ನೇಮಿಸಿದ್ದರೆಂಬುದಕ್ಕೆ ದಾಖಲೆ ಲಭ್ಯವಿರುವುದಿಲ್ಲ.

ಗಾಯನವೃಂದದಲ್ಲಿ ಕೀಬೋರ್ಡ್ ನುಡಿಸುವ ಶ್ರೀ ಅಭಿಲಾಷ್ ರವರು ಪೇಟೆಯಲ್ಲಿ ಅರ್ಜಿ ಟೈಪ್ ಮಾಡಿಕೊಡುವ ಅಂಗಡಿ ನಡೆಸುತ್ತಿದ್ದು, ಜನರು ಅರ್ಜಿಗಳನ್ನು ಮೊಬೈಲಿನ ಕೃತಕ ಬುದ್ಧಿಮತ್ತೆಗೇ ಹೇಳಿ ಬರೆಸಿಕೊಳ್ಳತೊಡಗಿದ ಮೇಲೆ ಅಂಗಡಿಯಲ್ಲಿ ನೊಣ ಹೊಡೆಯುವ ಪರಿಸ್ಥಿತಿ ಉದ್ಭವಿಸಿತ್ತು. ತಾನು ಯಾವುದಕ್ಕಾದರೂ ಬೇಕಾದವನೆಂದು ತೋರಿಸುವ ಹಂಬಲದಿಂದಲೂ, ಸಲೇತಮ್ಮನವರ ಮಂಡಿನೋವಿನ ಮೇಲಿನ ಕನಿಕರದಿಂದಲೂ, ಅವರು ಅದೇ ಕೃತಕ ಬುದ್ಧಿಮತ್ತೆಯನ್ನು ಹಿಡಿದು ತಂದು, ರೋಗಿಗಳಿಗೆ ಬೆಳಿಗ್ಗೆ ಸಂಜೆ ಸಾಂತ್ವನದ ಸಂದೇಶ ತಾನಾಗಿಯೇ ಹೋಗುವಂತೆ ಏರ್ಪಡಿಸಿದರು. ಪರಿಷತ್ತು ಚಪ್ಪಾಳೆಯೊಂದಿಗೆ ಅನುಮೋದಿಸಿತು.

ಸಂದೇಶಗಳನ್ನು ಚರ್ಚಿನ ಮೆಟ್ಟಿಲ ಮೇಲೆ ಅಭಿಲಾಷ್ ರವರಿಂದ ಓದಿಸಿ ಕೇಳಿದ ಸಲೇತಮ್ಮನವರು, "ಎಷ್ಟು ಚೆಂದ ಪ್ರಾರ್ಥನೆ ಮಾಡ್ತದೆ ಮಗಾ ಅದು! ನನ್ನದು ಬರೀ ತೊದಲು. ಇನ್ನು ನಾನು ಯಾಕೆ?" ಎಂದು ಹೇಳಿ, ಅಂದಿನಿಂದ ಯಾರ ಮನೆಗೂ ಹೋಗಲಿಲ್ಲ. ಭಾನುವಾರ ಕಡೇ ಬೆಂಚಿನಲ್ಲಿ ಕೂತು, ಪೂಜೆ ಮುಗಿಯುವ ಮೊದಲೇ ಎದ್ದು ಹೋಗುತ್ತಿದ್ದುದನ್ನು ಪರಿಷತ್ತು ಗಮನಿಸಿತಾದರೂ, ಮಂಡಿಗೆ ವಿಶ್ರಾಂತಿ ದೊರೆತಿದೆಯೆಂದು ತಪ್ಪಾಗಿ ತೀರ್ಮಾನಿಸಿತು.

ಹೀಗಿರುವಲ್ಲಿ, ನಿವೃತ್ತ ಲಾರಿ ಚಾಲಕರಾದ ಶ್ರೀ ಸಣ್ಣಸ್ವಾಮಿಯವರು ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡರು. ಸಂದೇಶಗಳು ತಪ್ಪದೆ ತಲುಪಿದವು. ಪ್ಲಾಸ್ಟರಿನೊಳಗೆ ತುರಿಕೆಯೆಂದು ಅವರು ಬರೆದುದಕ್ಕೆ ಯಂತ್ರವು ಸಹಾನುಭೂತಿ ಸೂಚಿಸಿ ಸಲಹೆಗಳ ಸರಮಾಲೆಯನ್ನೇ ಕಳುಹಿಸಿತು. ನಿನಗೆ ಎಂದಾದರೂ ಕಾಲು ಮುರಿದಿತ್ತೇ ಎಂದು ಕೇಳಲಾಗಿ, ತನಗೆ ಕಾಲಿಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಿತು. ಕೂಡಲೇ ಅವರು ಕಾರ್ಯಾಲಯಕ್ಕೆ ಫೋನು ಮಾಡಿದರು:

"ಸಲೇತಕ್ಕನ್ನ ಕಳ್ಸಿ ಮಾರಾಯ್ರೇ! ಅವ್ರಿಗೆ ಪ್ರಾರ್ಥನೆ ಸರಿ ಬರುದಿಲ್ಲ, ನನಗೂ ಗೊತ್ತುಂಟು. ನನ್ನನ್ನು ನನ್ನ ತಮ್ಮನ ಹೆಸರಲ್ಲಿ ಕರೀತಾರೆ. ಜಪಸರ ಅರ್ಧ ಆಗುವಾಗ ನಿದ್ದೆ ಮಾಡ್ತಾರೆ. ನಮ್ಮ ಮನೆ ಬೆಲ್ಲದ ಕಾಫಿ ಬರೀ ನೀರು ಅಂತಾರೆ. ಆದ್ರೆ ಅವ್ರು ಬಂದು ಕೂತ್ರೆ, ನಾನು ಇನ್ನೂ ಲೆಕ್ಕದಲ್ಲಿದ್ದೀನಿ ಅಂತ ಅನ್ನಿಸ್ತದೆ."

ಧರ್ಮಗುರುಗಳು ಅಭಿಲಾಷ್ ರವರೊಂದಿಗೆ ಸಲೇತಮ್ಮನವರ ಮನೆಗೆ ಖುದ್ದು ಭೇಟಿ ನೀಡಿ ವಿಷಯ ತಿಳಿಸಿದರು.

"ತುರಿಸ್ಲಿಕ್ಕೆ ಒಂದು ಕಡ್ಡಿ ಸಾಕಲ್ಲ ಫಾದರ್? ನನ್ನಿಂದ ಯಾರಿಗೆ ಏನಾಗ್ತದೆ?" ಎಂದು ಅವರು ಆಕ್ಷೇಪಿಸಿದರು. ಕಣ್ಣು ತುಂಬಿತ್ತು.

"ಅಮ್ಮಾ, ಆದಾಮನನ್ನು ಮಾಡಿದ ದಿವಸವೇ ದೇವರು ನೋಡಿ, ಬಹಳ ಚೆನ್ನಾಗಾಯ್ತು ಅಂತ ಸಂತೋಷಪಟ್ರು. ಅಷ್ಟು ಹೊತ್ತಿಗೆ ಆದಾಮ ಏನು ಕೆಲ್ಸ ಮಾಡಿ ಮುಗಿಸಿದ್ದ?"

ಸಲೇತಮ್ಮನವರು ಯೋಚಿಸಿ, "ಏನೂ ಇಲ್ಲ. ನಿದ್ದೆ ಮಾಡಿರ್ಬೇಕು," ಎಂದರು.

"ಮತ್ತೆ ನಿಮ್ಮದೇನು ತಪ್ಪು?"

ಅವರು ನಕ್ಕುಬಿಟ್ಟು ಕೊಡೆ ಹುಡುಕತೊಡಗಿದರು. ಸದರಿ ವಿಷಯವು ಅಂಗಡಿ ನಡೆಯದವರಿಗೂ ಅನ್ವಯಿಸುತ್ತದೆಯೇ ಎಂದು ಅಭಿಲಾಷ್ ರವರು ಬಾಗಿಲಲ್ಲೇ ನಿಂತು ಸಣ್ಣ ದನಿಯಲ್ಲಿ ಸ್ಪಷ್ಟೀಕರಣ ಕೋರಿದರು. ಅನ್ವಯಿಸುತ್ತದೆಂದು ಸ್ಥಳದಲ್ಲೇ, ಬೆನ್ನು ತಟ್ಟಿ, ಸ್ಪಷ್ಟಪಡಿಸಲಾಯಿತು.

ಮೇಲ್ಕಂಡ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ರೋಗಿಯ ಬಳಿ ಕೂರುವ ಕೆಲಸವನ್ನು ಇನ್ನು ಮುಂದೆ ಕೂರಲು ಬರುವವರೇ ಮಾಡತಕ್ಕದ್ದು. ಪೂಜೆಯ ಸಮಯ, ಬಸ್ಸಿನ ಸಮಯ, ಮಾತ್ರೆಯ ಸಮಯ ತಿಳಿಸುವುದನ್ನು ಯಂತ್ರವು ಮುಂದುವರಿಸಬಹುದು. ಅದರ ಮೇಲೆ ಯಾವುದೇ ಶಿಸ್ತುಕ್ರಮ ಇರುವುದಿಲ್ಲ.

2. ಪ್ರಾರ್ಥನೆಯ ನಡುವೆ ನಿದ್ರೆ ಬಂದಲ್ಲಿ, ಅದನ್ನು ಪ್ರಾರ್ಥನೆಯ ಭಾಗವೆಂದೇ ಪರಿಗಣಿಸತಕ್ಕದ್ದು. ಆದರೆ ಗೊರಕೆಯನ್ನು 'ಆಮೆನ್' ಎಂದು ದಾಖಲಿಸುವಂತಿಲ್ಲ.

3. ರೋಗಿಯ ಹೆಸರನ್ನು ತಪ್ಪಾಗಿ ಹೇಳಿದರೆ, ಪ್ರಾರ್ಥನೆಯು ಆ ಹೆಸರಿನವರಿಗೂ ಸಂದಿದೆಯೆಂದು ಭಾವಿಸತಕ್ಕದ್ದು. (ಸಣ್ಣಸ್ವಾಮಿಯವರ ತಮ್ಮನವರು ಇಷ್ಟು ವರ್ಷ ನೆಗಡಿಯೂ ಇಲ್ಲದೆ ಇರುವುದರ ಕಾರಣ ಈಗ ತಿಳಿದುಬಂದಿದೆ.)

4. ರೋಗಿಯ ಮನೆಯ ಕಾಫಿಯನ್ನು ಟೀಕಿಸಬಹುದು. ಎರಡನೇ ಲೋಟ ಕೇಳಿ ಪಡೆದ ಕ್ಷಣದಿಂದ ಸದರಿ ಹಕ್ಕು ರದ್ದಾಗುತ್ತದೆ.

5. ದಾರಿಯಲ್ಲಿ ಆನೆ ನಿಂತಿದ್ದಲ್ಲಿ ಭೇಟಿಯನ್ನು ಮುಂದೂಡತಕ್ಕದ್ದು. ಆನೆಗೆ ಈ ಸುತ್ತೋಲೆಯನ್ನು ತೋರಿಸಿ ದಾರಿ ಕೇಳತಕ್ಕದ್ದಲ್ಲ.

6. ಸಲೇತಮ್ಮನವರನ್ನು ಸ್ಕೂಟರಿನಲ್ಲಿ ಕರೆದೊಯ್ಯಲು ಅಭಿಲಾಷ್ ರವರನ್ನು ನಿಯೋಜಿಸಲಾಗಿದೆ. ಮೊದಲ ಭೇಟಿಯಲ್ಲಿ ಸಲೇತಮ್ಮನವರು ನಿಯಮ 2ರನ್ವಯ ವರ್ತಿಸಿದ್ದು, ಅಭಿಲಾಷ್ ರವರು ಏನು ಹೇಳಬೇಕೆಂದು ತೋಚದೆ ರೋಗಿಯ ಕೈ ಹಿಡಿದು ಸುಮ್ಮನೆ ಕೂತಿದ್ದರು. "ನಾಳೆಯೂ ಬಾ ಮಗಾ, ಅವ್ರು ಮಲಗಿರ್ಲಿ," ಎಂದು ಸಣ್ಣಸ್ವಾಮಿಯವರು ಹೇಳಿರುವುದನ್ನು ನೇಮಕಾತಿ ಆದೇಶವೆಂದು ಪರಿಗಣಿಸಲಾಗಿದೆ.

7. ತಾನು ಯಾರಿಗೂ ಬೇಡವೆಂದು ಭಾವಿಸಿರುವ ಯಾರೇ ಆಗಲಿ ಈ ವಿಭಾಗಕ್ಕೆ ಸೇರಬಹುದು. ಅರ್ಹತೆ: ಹುಟ್ಟಿರತಕ್ಕದ್ದು. ಇತರೆ ಅರ್ಹತೆಗಳನ್ನು ಪರಿಗಣಿಸಲಾಗುವುದಿಲ್ಲ.

(ಸಹಿ/-)
ಕಾರ್ಯದರ್ಶಿ, ಪಾಲನಾ ಪರಿಷತ್ತು

ಪ್ರತಿಗಳು:
1. ಶ್ರೀಮತಿ ಸಲೇತಮ್ಮನವರಿಗೆ, ಗಟ್ಟಿಯಾಗಿ ಓದಿ ಹೇಳಲು.
2. ಶ್ರೀ ಸಣ್ಣಸ್ವಾಮಿಯವರಿಗೆ. ಸುರುಳಿ ಸುತ್ತಿ ಪ್ಲಾಸ್ಟರಿನೊಳಗೆ ತೂರಿಸಿ ತುರಿಸಿಕೊಳ್ಳಲು ಅನುಮತಿಸಿದೆ.
3. ಕೃತಕ ಬುದ್ಧಿಮತ್ತೆಗೆ, ಮಾಹಿತಿಗಾಗಿ. ತಿದ್ದಿ ಚೆಂದ ಮಾಡಿ ಹಿಂದಿರುಗಿಸುವ ಅಗತ್ಯವಿಲ್ಲ.
4. ದೇವರಿಗೆ ಪ್ರತಿ ಕಳುಹಿಸಿರುವುದಿಲ್ಲ. ಅವರು ನಮಗಿಂತ ಮೊದಲೇ ಹೋಗಿ ಹಾಸಿಗೆಯ ಪಕ್ಕದಲ್ಲಿ ಕೂತಿದ್ದಾರೆಂದು ಪರಿಷತ್ತು ನಂಬಿರುತ್ತದೆ.