ಮಾವನ ಬ್ಲಾಗಿನ ಕೆಂಪು

ನಮ್ಮ ಸೋದರಮಾವನ ಬ್ಲಾಗನ್ನು ಕಣ್ಣು ಕಿರಿದು ಮಾಡದೆ ನೋಡಿದವರು ಇಡೀ ಚಳ್ಳಕೆರೆಯಲ್ಲಿ ಯಾರೂ ಇಲ್ಲ! ಗಾಢ ಕೆಂಪು ಹಿನ್ನೆಲೆ, ಅದರ ಮೇಲೆ ಅರಿಶಿನದ ಬಣ್ಣದ ಅಕ್ಷರ. ಅಕ್ಷರವೋ, ಒಂದು ಸಾಲಿಗೆ ಮೂರು ಪದ ಹಿಡಿದರೆ ಪುಣ್ಯ. ಎರಡೂ ಬದಿಗೆ ಸೀರೆಯ ಅಂಚಿನ ಚಿತ್ರ.

ಬರೆಯುವುದಾದರೂ ಏನು? ಮಾವ ಸೀರೆ ವ್ಯಾಪಾರಕ್ಕೆಂದು ವಾರಕ್ಕೆರಡು ಸಲ ಮೊಳಕಾಲ್ಮೂರಿಗೆ ಹೋಗುತ್ತಾರೆ. ಅಲ್ಲಿ ತಮ್ಮ ಹಳೆಯ ಬೀದಿಯಲ್ಲಿ ಕಂಡದ್ದನ್ನೆಲ್ಲ ಬರೆಯುತ್ತಾರೆ. ಎಣಿಸುವುದು ನನ್ನ ಚಟ, ಎಣಿಸಿದೆ. ಒಟ್ಟು ಬರಹ ಮುನ್ನೂರ ಹನ್ನೊಂದು. ಅದರಲ್ಲಿ ದೇವಸಮುದ್ರದ ಬಸ್ಸು ತಡವಾದ ಸುದ್ದಿ ತೊಂಬತ್ತನಾಲ್ಕು, ಕುರಿ ಪಕ್ಕದವರ ಅಂಗಳಕ್ಕೆ ನುಗ್ಗಿದ ಸುದ್ದಿ ನಲವತ್ತು. ದಿನಕ್ಕೆ ಓದುಗರು ಇಬ್ಬರು. ಒಬ್ಬರು ಸ್ವತಃ ಮಾವ. ಆ ಇನ್ನೊಬ್ಬ ಧೈರ್ಯವಂತ ಯಾರು?

ಬ್ಲಾಗಿಗೆ ಪುಕ್ಕಟೆ ಜಾಗ ಕೊಟ್ಟಿದ್ದ ಕಂಪನಿ ತಿಂಗಳ ಕೊನೆಗೆ ಬಾಗಿಲು ಹಾಕುತ್ತದೆಂದು ತಿಳಿದಾಗ ಮಾವ ನಮ್ಮೂರು ದೊಡ್ಡಉಳ್ಳಾರ್ತಿಯಿಂದ ಕಂಪ್ಯೂಟರು ಬಲ್ಲ ನನ್ನನ್ನು ಕರೆಸಿದರು. ಸೋಮವಾರ ಚಳ್ಳಕೆರೆಗೆ ಬಂದಿಳಿದೆ. ಮನೆಯಲ್ಲಿ ಮಾವ, ಅಜ್ಜಿ ಇಬ್ಬರೇ. ಅಜ್ಜಿ ಒಂದು ಕಾಲಕ್ಕೆ ಮೊಳಕಾಲ್ಮೂರಿನಲ್ಲಿ ಮಗ್ಗ ನೇಯ್ದವಳು. ಮೆಟ್ಟಿಲಿಳಿಯುವಾಗ ಕೈ ಹಿಡಿಯಲು ಹೋದರೆ, "ನಾನೇನು ಕೂಸೇನೋ?" ಎಂದು ಕೊಡವಿ ಹಾಕುವ ಜಾತಿ.

"ಸ್ಟ್ಯಾಟಿಕ್ ಸೈಟ್ ಮಾಡೋಣ ಮಾವ. ಪುಟಗಳೆಲ್ಲ ಮೊದಲೇ ಸಿದ್ಧವಾಗಿ ಕೂತಿರ್ತವೆ. ಎಲ್ಲಿ ಬೇಕಾದ್ರೂ ಇಡಬಹುದು."

"ಎಲ್ಲಾದ್ರೂ ಇಡು. ಆದ್ರೆ ರೂಪ ಒಂದು ಎಳೆ ಆಚೀಚೆ ಆಗಬಾರ್ದು."

"ಹಿನ್ನೆಲೆ ಬಿಳಿ ಮಾಡಿದ್ರೆ..."

"ಕೈ ಮುರಿತೀನಿ!"

ಮಾವ ಸುಮ್ಮನೆ ಹೆದರಿಸುವವರಲ್ಲ. ಸೀರೆ ಅಳೆಯುವ ಟೇಪು ತಂದು ಪರದೆಯ ಮೇಲಿನ ಒಂದೊಂದು ಅಕ್ಷರದ ಎತ್ತರ ಅಳೆದು ಗೋಡೆಯ ಮೇಲೆ ಬರೆದಿಟ್ಟರು!

ಮುನ್ನೂರ ಹನ್ನೊಂದು ಬರಹವನ್ನೂ ಒಂದೇ ಏಟಿಗೆ ಸಾಗಿಸುವ ಪ್ರೋಗ್ರಾಂ ನನ್ನಲ್ಲಿತ್ತು. ಮಾವ ಒಪ್ಪಬೇಕಲ್ಲ!

"ಮಗ್ಗದಾಗೆ ಹಳೇ ಹಾಸಿನ ಉದ್ದ ಎಳೆ ಮುಗಿದ್ರೆ ಕಿತ್ತು ಬಿಸಾಕ್ತಾರೇನ್ಲೇ? ತುದಿ ಉಳಿಸ್ಕೊಂಡು, ಹಳೇ ಎಳೆಗೆ ಹೊಸ ಎಳೆ ಒಂದೊಂದೇ ಬೆಸೀತಾರೆ. ಆಗ್ಲೇ ಅಂಚು ಕೆಡಲ್ಲ. ಹಂಗೇ ಮಾಡು."

ಒಂದೊಂದೇ ಬೆಸೆದೆ. ಮಂಗಳವಾರ ಎಪ್ಪತ್ತು, ಬುಧವಾರ ತೊಂಬತ್ತು. ಬುಧವಾರ ಮಾವ ನನ್ನ ಪಕ್ಕ ಒಂದು ತಟ್ಟೆ ಬೂದಿ ತಂದಿಟ್ಟರು.

"ಇದ್ಯಾಕೆ?"

"ಬೆಸೆಯೋರು ಬೆರಳಿಗೆ ಬೂದಿ ಹಚ್ಕೋತಾರೆ. ಎಳೆ ಜಾರಲ್ಲ."

"ಮಾವ, ಇದು ಕೀಬೋರ್ಡು!"

"ಜಾರೋದು ಜಾರೋದೇ, ಹಚ್ಕೋ."

ಹಚ್ಚಿಕೊಂಡೆ. ಗುರುವಾರ ಕೀಬೋರ್ಡಿನ ಎರಡು ಗುಂಡಿ ಕೆಲಸ ನಿಲ್ಲಿಸಿದವು.

ಶುಕ್ರವಾರ ಸಂಜೆ ಮುನ್ನೂರ ಹನ್ನೊಂದನೆಯದೂ ಮುಗಿಯಿತು. ಆಗ ನಾನೊಂದು ತಪ್ಪು ಮಾಡಿದೆ. ಮಾವ ಶನಿವಾರಕ್ಕೆಂದು ಹೊಸ ಸುದ್ದಿಯೊಂದನ್ನು ಸೇರಿಸಿ ಅತ್ತ ಹೋದಾಗ ಕೆಂಪನ್ನು ತುಸು ತಿಳಿಗುಲಾಬಿ ಮಾಡಿ, ಅಕ್ಷರವನ್ನು ಅರ್ಧಕ್ಕಿಳಿಸಿದೆ. ನೋಡಲು ಎಷ್ಟು ಚೆಂದ! ಒಂದು ದಿನ ಹೀಗೇ ಇರಲಿ, ಮಾವನಿಗೂ ಹಿಡಿಸೀತು ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಎದ್ದು ಬಂದರೆ ಕಂಪ್ಯೂಟರಿನ ಮುಂದೆ ಅಜ್ಜಿ! ಮೂಗು ಪರದೆಗೆ ತಾಗುವಷ್ಟು ಹತ್ತಿರ ಕೂತಿದ್ದಳು.

"ಬಂದೇನೋ? ನಿಮ್ಮ ಮಾವ ಇವತ್ತು ಯಾಕೋ ಏನೂ ಬರೆದಿಲ್ಲ ನೋಡು. ಎಲ್ಲಾ ಖಾಲಿ ಐತೆ."

ಪರದೆಯ ತುಂಬ ಅಕ್ಷರಗಳಿದ್ದವು.

ಹಿಂದಿನಿಂದ ಮಾವ ನನ್ನ ಭುಜ ಹಿಡಿದು ಅಡುಗೆಮನೆಗೆ ಎಳೆದೊಯ್ದರು. ಬೈಯಲಿಲ್ಲ. ದನಿ ತಗ್ಗಿಸಿ ಹೇಳಿದರು: "ಎರಡು ವರ್ಷದಿಂದ ಅವ್ವಂಗೆ ಕಣ್ಣು ಮಂಜು ಕಣೋ. ಆ ಕೆಂಪು, ಆ ಹಳದಿ ಎರಡೂ ಜೊತೆಗಿದ್ದು, ಅಕ್ಷರ ಅಷ್ಟು ದೊಡ್ಡದಿದ್ರೆ ಮಾತ್ರ ಕಾಣ್ತೈತೆ. ಓದಿ ಹೇಳ್ತೀನಿ ಅಂದ್ರೆ ಕೇಳಲ್ಲ. ಬೀದಿ ಸುದ್ದೀನ ತಾನೇ ಓದ್ಕೋಬೇಕಂತೆ. ಕಣ್ಣಿನ ವಿಷ್ಯ ಯಾರಿಗೂ ಹೇಳಬ್ಯಾಡ ಅಂದಾಳೆ."

ಓಡಿ ಹೋಗಿ, "ನೆಟ್ ನಿಂತಿತ್ತು ಅಜ್ಜಿ," ಎಂದು ಸುಳ್ಳು ಹೇಳಿ, ಗೋಡೆಯ ಮೇಲೆ ಬರೆದಿಟ್ಟ ಅಳತೆ ನೋಡಿಕೊಂಡು ಎಲ್ಲವನ್ನೂ ಮೊದಲಿನಂತೆ ಮಾಡಿದೆ. ಕೆಂಪು ಬಂತು. ಹಳದಿ ಬಂತು. ಅಜ್ಜಿಯ ಬೆರಳು ಅಂಚಿನಿಂದ ಹೊರಟು ಅಕ್ಷರಗಳ ಕೆಳಗೆ ನಿಧಾನವಾಗಿ ಸರಿಯಿತು.

"ದೇವಸಮುದ್ರದ... ಬಸ್ಸು... ಇಪ್ಪತ್ತೆರಡು... ನಿಮಿಷ ತಡ." ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. "ಅದು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿತ್ತೋ!"

ಅಂದಿನ ದಿನಚರಿಯಲ್ಲಿ ಬರೆದುಕೊಂಡೆ: ಶನಿವಾರ. ಬಸ್ಸು ತಡವಾದ ಸುದ್ದಿ, ತೊಂಬತ್ತೈದು. ಇಂದಿನಿಂದ ಓದುಗರು, ಮೂವರು.